ಕೆಳಮನೆಯ ತೊಟ್ಟಿಲು

ಮೇಲಿನ ಮನೆಯ ಯಹೂದಿ ಅಜ್ಜಿಯ ಸೊಸೆಗೆ ತಿಂಗಳು ತುಂಬುತ್ತಿತ್ತು. ಕೆಳಮನೆಯ ಮುಸ್ಲಿಂ ಸೊಸೆ ಹೊಲಿಗೆಯವಳು. ಮಾತು ಕಡಿಮೆ, ಹೇಳಬೇಕಾದ್ದನ್ನೆಲ್ಲ ಸೂಜಿಯಲ್ಲೇ ಹೇಳುವವಳು. ಮೆತ್ತನೆ ಬಟ್ಟೆಯಲ್ಲಿ ನಾಲ್ಕು ಪುಟ್ಟ ಅಂಗಿ ಹೊಲಿದು, ಕೂಸಿಗೆ ಒತ್ತಬಾರದೆಂದು ಹೊಲಿಗೆಯ ಅಂಚನ್ನೆಲ್ಲ ಹೊರಗಡೆಗೇ ಬಿಟ್ಟಿದ್ದಳು. ಮದುವೆಯಾಗಿ ಈ ಬೀದಿಗೆ ಬಂದಮೇಲೆ ಅವಳಿಗೆ ಸಿಕ್ಕ ಗೆಳತಿಯೆಂದರೆ ಆ ಬಸುರಿ ಒಬ್ಬಳೇ.

ಅಂಗಿ ಹಿಡಿದು ಮೆಟ್ಟಿಲೇರಿದಳು. ಅಜ್ಜಿ ನೋಡಿದ್ದೇ ತಡ, ಹೊಸ್ತಿಲಿಗೆ ಅಡ್ಡ ನಿಂತಳು.

"ಅದನ್ನ ಒಳಗೆ ತರಬೇಡಮ್ಮ. ತಗೊಂಡು ಹೋಗು."

ಬಾಗಿಲು ಮುಚ್ಚಿತು. ಇದ್ದ ಒಬ್ಬ ಗೆಳತಿಯನ್ನೂ ಕಳಕೊಂಡೆನಾ ಎಂದುಕೊಳ್ಳುತ್ತ ಹುಡುಗಿ ಅಂಗಿ ಹಿಡಿದೇ ಮೆಟ್ಟಿಲಿಳಿದಳು.

ಸುದ್ದಿ ಕೇಳಿದ ಅವಳ ಅತ್ತೆ ಸುಮ್ಮನಿರುವ ಪೈಕಿಯಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು: "ಏನಕ್ಕಾ, ನಮ್ಮ ಹುಡುಗಿ ಹೊಲಿದದ್ದು ನಿಮಗೆ ಮುಳ್ಳಾ?"

ಅಜ್ಜಿ ಇಳಿದು ಬಂದು ಕೆಳಮನೆಯ ಅಡುಗೆಮನೆಯಲ್ಲಿ ಕೂತಳು. "ಹೊಲಿಗೆ ಚಿನ್ನದಂಥದ್ದು ಕಣಮ್ಮ. ಆದ್ರೆ ಕೂಸು ಹುಟ್ಟೋ ಮುಂಚೆ ಅದರ ಸಾಮಾನು ನಾವು ಮನೆಗೆ ತರಲ್ಲ. ದೃಷ್ಟಿಯಾಗುತ್ತೆ. ಹೆಸರಿಗೂ ಅವಸರ ಇಲ್ಲ. ಗಂಡಾದ್ರೆ ಎಂಟನೇ ದಿನ, ಸುನ್ನತಿ ಆದಾಗ."

"ನಮ್ಮಲ್ಲಿ ಹುಟ್ಟಿದ ಕೂಡಲೇ ಕಿವೀಲಿ ಅಜಾನ್, ಏಳನೇ ದಿನಕ್ಕೆ ಹೆಸರು. ನಿಮಗಿಂತ ಒಂದು ದಿನ ಮುಂದೆ."

"ಮುಂದೇನೇ ಇರಿ. ನಮ್ಮ ಕೂಸಿಗೆ ಹೊಟ್ಟೇಲೇ ದೇವದೂತ ನಮ್ಮ ಧರ್ಮಗ್ರಂಥ ತೋರಾ ಎಲ್ಲಾ ಕಲಿಸಿಬಿಟ್ಟಿರ್ತಾನೆ. ಹೊರಗೆ ಬರುವಾಗ ತುಟಿ ಮೇಲೆ ಒಂದು ತಟ್ಟಿದ ಅಂದ್ರೆ ಎಲ್ಲಾ ಮರ್ತುಹೋಯ್ತು. ಮೂಗಿನ ಕೆಳಗಿನ ಗುಳಿ ಅದರದ್ದೇ."

ಅತ್ತೆ ತನ್ನ ಗುಳಿ ಮುಟ್ಟಿ ನೋಡಿಕೊಂಡಳು. "ನಮ್ಮ ದೇವದೂತ ಹೊಟ್ಟೇಲೇ ಹಣೆಬರಹ ಬರೀತಾನೆ. ನಿಮ್ಮೋನು ಮೇಷ್ಟ್ರು, ನಮ್ಮೋನು ಗುಮಾಸ್ತ. ಇಬ್ಬರಿಗೂ ಸಾಹೇಬ ಒಬ್ಬನೇ ಬಿಡಿ."

ಇಬ್ಬರೂ ನಕ್ಕ ಧೈರ್ಯಕ್ಕೆ ಹುಡುಗಿ ಬಾಯಿ ಬಿಟ್ಟಳು. "ಅಜ್ಜಿ, ಅಂಗಿ ನಮ್ಮನೇಲೇ ಇದ್ರೆ ದೋಷವಾ?"

ಅಜ್ಜಿ ಯೋಚಿಸಿದಳು. "ನಿಮ್ಮ ಮನೇಲಿ ಏನಿದ್ರೆ ನನಗೇನಮ್ಮ?"

ಆ ಮಾತೇ ಅಜ್ಜಿಗೆ ದಾರಿಯಾಯಿತು. ಮರುದಿನ ಅವಳು ಕೊಂಡ ಕೂಸಿನ ಸ್ನಾನದ ಟಬ್ಬು ಬಂದು ಕೆಳಮನೆಯಲ್ಲಿ ಕೂತಿತು. ಅದರ ಹಿಂದೆ ಹಾಸಿಗೆ, ಹಾಸಿಗೆಯ ಹಿಂದೆ ತೊಟ್ಟಿಲು. ಅತ್ತೆಗೆ ಕಾಲು ಚಾಚಲು ಜಾಗವಿಲ್ಲ. ತೊಟ್ಟಿಲು ಇಳಿದದ್ದನ್ನು ಕಂಡ ಬೀದಿಯ ಹೆಂಗಸರು "ಎಷ್ಟು ತಿಂಗಳು?" ಎಂದು ಹುಡುಗಿಯನ್ನೇ ಕೇಳತೊಡಗಿದರು. ಅವಳು ಮುಖ ಮುಚ್ಚಿಕೊಂಡು ಒಳಗೆ ಓಡುತ್ತಿದ್ದಳು. "ಹೆರೋರು ಮೇಲೆ, ಬಾಣಂತಿ ಸಂಭ್ರಮ ಕೆಳಗೆ" ಎಂದು ಅತ್ತೆ ಗೊಣಗಿದಳು. ಗೊಣಗುತ್ತಲೇ ತೊಟ್ಟಿಲ ಧೂಳು ಒರೆಸಿದಳು.

ಆದರೆ ಹುಡುಗಿ ಇನ್ನೂ ಗೆಳತಿಯ ಮುಖ ಕಂಡಿರಲಿಲ್ಲ. ಅಜ್ಜಿ ನಕ್ಕರೇನು, ಅವಳು ಮುನಿಸಿಕೊಂಡಿದ್ದರೆ?

ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಬಸುರಿ ಸೊಂಟಕ್ಕೆ ಕೈ ಕೊಟ್ಟು ಬಾಗಿಲಲ್ಲಿ ನಿಂತಿದ್ದಳು.

"ಅವತ್ತು ಬಾಗಿಲ ಹಿಂದೆ ನಾನೂ ಇದ್ದೆ ಕಣೆ. ಅತ್ತೆ ಎದುರು ಮಾತಾಡೋಕೆ ಬಾಯಿ ಬರಲಿಲ್ಲ. ಇನ್ನು ನೀನು ನಮ್ಮ ಕಡೆ ತಿರುಗಿ ನೋಡಲ್ಲ ಅಂದ್ಕೊಂಡಿದ್ದೆ."

"ನಾನೂ ಹಂಗೇ ಅಂದ್ಕೊಂಡಿದ್ದೆ," ಎಂದಳು ಹುಡುಗಿ.

ಮೇಲಿನಿಂದ ಅಜ್ಜಿಯ ದನಿ: "ಎಲ್ಲಿ ಹೋದ್ಯೇ?"

"ಇಲ್ಲೇ ಅತ್ತೆ, ಏನೂ ನೋಡ್ತಿಲ್ಲ," ಎನ್ನುತ್ತ ಬಸುರಿ ಅಂಗಿಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡಳು. ಹುಡುಗಿ ಅವಳ ಬೆನ್ನಿಗೆ ದಿಂಬು ಕೊಟ್ಟು ಮಾತಿಗೆ ಕೂತಳು. ಅಡುಗೆಮನೆಯಲ್ಲಿ ಹುಡುಗಿಯ ಅತ್ತೆ ಕೆಲಸ ಬಿಟ್ಟು ಕಿವಿಗೊಟ್ಟಳು: ಸೊಸೆಗೆ ಇಷ್ಟು ಮಾತು ಬರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.