ಹಗ್ಗದ ಲೆಕ್ಕ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಹಿರಿಯರಿಗೂ ಕಿರಿಯರಿಗೂ ಅವಳು ಲೆಕ್ಕದಕ್ಕ. ಮನೆಯ ಮುಂದಿನ ಕೋಣೆಯ ಗೋಡೆಗೆ ಕರಿಹಲಗೆ ಹೊಡೆಸಿಕೊಂಡು ಹತ್ತನೇ ತರಗತಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದಳು. ಉತ್ತರ ಸರಿ ಬಂದರೂ ದಾರಿ ಬರೆಯದಿದ್ದರೆ ಸೊನ್ನೆ. ಅಂದಾಜಿಗೆ ಬರೆದೆ ಎಂದವನ ಗತಿ ಕೇಳುವುದೇ ಬೇಡ. ಅಂದಾಜು ಎಂಬ ಮಾತು ಆ ಮನೆಯಲ್ಲಿ ಬೈಗುಳಕ್ಕೆ ಸಮ.

ಅವಳ ಬೆನ್ನಿಗೆ ಬಿದ್ದ ತಮ್ಮನಿಗೂ ಲೆಕ್ಕಕ್ಕೂ ಮಾತ್ರ ಎಣ್ಣೆ ಸೀಗೆಕಾಯಿ. ಅವನು ಹಗ್ಗದವನು. ಎತ್ತರದ ಮಾಡುಗಳಿಗೆ ಬಣ್ಣ ಹೊಡೆಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಮಾಡಿನ ನೆತ್ತಿಯ ಕೊಂಡಿಗೆ ಬಿಗಿಯುವುದು ಅವನ ಕಸುಬು. ಇಳಿಜಾರಿನಲ್ಲಿ ಬಣ್ಣದವರು ಹಿಂತಿರುಗಿ ನೋಡುವುದಿಲ್ಲ. ನೆತ್ತಿಯಿಂದ ಶುರುಮಾಡಿ, ಬಳಿಯುತ್ತ ಬಳಿಯುತ್ತ ಹಿಂದಕ್ಕೆ ಹೆಜ್ಜೆ ಇಟ್ಟು ಇಳಿಯುತ್ತಾರೆ. ಹಗ್ಗ ಬಿಗಿಯಾಯಿತೋ, ಅಲ್ಲಿಗೆ ನಿಲ್ಲುತ್ತಾರೆ. ಅಂಚಿಗೆ ಇನ್ನೂ ಒಂದು ಮೀಟರ್ ಇರುವಾಗಲೇ ಅದು ಬಿಗಿಯಾಗಬೇಕು. ಉಳಿದ ಪಟ್ಟಿಗೆ ಕೆಳಗಿನಿಂದ ಏಣಿ ಹಾಕಿಕೊಂಡು ಬಣ್ಣ ಹೊಡೆಯುತ್ತಾರೆ. ಅವರ ಜೀವ ಇರುವುದು ಹಗ್ಗದವನ ಅಳತೆಯಲ್ಲಿ.

ಅವನು ಯಾವಾಗಲೂ ಮೇಲೆ ಹತ್ತಿ, ಹಗ್ಗ ಇಳಿಬಿಟ್ಟು, ಅಂಚು ಮುಟ್ಟಿದಲ್ಲಿ ಗಂಟು ಹಾಕಿ, ಆಮೇಲೆ ಗಂಟಿಗಿಂತ ಒಂದು ಮೀಟರ್ ಮೇಲಕ್ಕೆ ಕತ್ತರಿಸುತ್ತಿದ್ದ. ಆ ಸಲ ಗುತ್ತಿಗೆದಾರ ಕಾಲಿಗೆ ಬಿಸಿನೀರು ಹೊಯ್ದುಕೊಂಡವನಂತೆ ಅವಸರ ಮಾಡಿದ. ಹೊಸ ಸಭಾಭವನದ ಗುಮ್ಮಟ, ಉದ್ಘಾಟನೆ ಹತ್ತಿರ ಬಂದಿತ್ತು. ಹಗ್ಗವನ್ನು ಗೋದಾಮಿನಲ್ಲೇ ಕತ್ತರಿಸಿ ತಂದುಬಿಡು, ಬೆಳಿಗ್ಗೆಯೇ ಕೆಲಸ ಶುರು ಎಂದ. ತಮ್ಮ ಹಿತ್ತಲ ಬಾಗಿಲಿಂದ ಬಂದು, ಟ್ಯೂಷನ್ ನಡುವೆಯೇ ಅಕ್ಕನನ್ನು ಅಡುಗೆಮನೆಗೆ ಕರೆದ. ಗುಮ್ಮಟದ ಅಗಲ ಈ ಅಂಚಿನಿಂದ ಆ ಅಂಚಿಗೆ ಹದಿನಾಲ್ಕು ಮೀಟರ್ ಅಂತೆ, ನೆತ್ತಿಯಿಂದ ಅಂಚಿಗೆ ಹಗ್ಗ ಎಷ್ಟು ಬೇಕು ಎಂದು ಕೇಳಿದ.

“ಗುಮ್ಮಟ ಅಂದ್ರೆ ಅರ್ಧಗೋಳ ತಾನೇ?”

“ಅಂಥದ್ದೇ ಏನೋ. ಕೆಳಗೆ ನಿಂತು ನೋಡಿದ್ರೆ ಬರೀ ಅಂಚು ಕಾಣುತ್ತೆ ಅಕ್ಕಾ.”

ಅವಳಿಗೆ ಅಷ್ಟೇ ಸಾಕಾಯಿತು. ಪುಸ್ತಕದ ಗುಮ್ಮಟಗಳೆಲ್ಲ ಅರ್ಧಗೋಳಗಳೇ. ಪುಸ್ತಕದ ಬಟ್ಟಲು, ಬೋಗುಣಿ, ಟೋಪಿ ಎಲ್ಲವೂ ಅರ್ಧಗೋಳಗಳೇ. ವರ್ಷಗಟ್ಟಲೆ ಅವನ್ನೇ ಬಿಡಿಸುತ್ತ ಬಂದವಳಿಗೆ ಬೇರೆ ಆಕಾರವೂ ಇರಬಹುದು ಎಂಬುದು ಹೊಳೆಯಲೇ ಇಲ್ಲ. ಮುಂದಿನ ಕೋಣೆಗೆ ಮರಳಿ, ಯಾರಿಗೆ ಬೇಕು, ಯಾಕೆ ಬೇಕು ಎಂದು ಹೇಳದೆ, ಅದನ್ನೇ ಹಲಗೆಯ ಮೇಲೆ ಸಮಸ್ಯೆಯಾಗಿ ಬರೆದಳು.

ಮಕ್ಕಳು ತಲೆ ಕೆರೆದುಕೊಂಡರು. ಒಬ್ಬ ಮೇಲ್ಮೈಯ ಸೂತ್ರ ಹಾಕಿದ. ಇನ್ನೊಬ್ಬ ವ್ಯಾಸವನ್ನೇ ತ್ರಿಜ್ಯ ಮಾಡಿಕೊಂಡು ಇಪ್ಪತ್ತೆರಡು ಎಂದ. ಸರಿ ಉತ್ತರ ಹಿಡಿದು ಮೊದಲು ಕೈ ಎತ್ತಿದವಳು ಕಡ್ಡಿ. ಮೈಯೂ ಕಡ್ಡಿ, ಮಾತೂ ಕಡ್ಡಿ ಮುರಿದ ಹಾಗೆ. ಹಾಗಾಗಿ ಆ ಹೆಸರು. ತಮ್ಮನ ಜೊತೆ ಕೆಲಸ ಮಾಡುವ ಬಣ್ಣದಣ್ಣನ ಮಗಳು ಅವಳು.

“ಪೂರ್ತಿ ಸುತ್ತು ನಲವತ್ತನಾಲ್ಕು. ನಮಗೆ ಬೇಕಿರೋದು ಅದರ ಕಾಲು ಭಾಗ. ಹನ್ನೊಂದು ಟೀಚರ್.”

ಲೆಕ್ಕದಕ್ಕನಿಗೆ ಹಿಗ್ಗು ತಡೆಯಲಾಗಲಿಲ್ಲ. ಸೀಮೆಸುಣ್ಣವನ್ನು ಹುಡುಗಿಯ ಕೈಗೇ ಕೊಟ್ಟು, ಎಲ್ಲರಿಗೂ ಬಿಡಿಸಿ ತೋರಿಸು ಎಂದಳು. ಅಡುಗೆಮನೆಗೆ ಹೋಗಿ ತಮ್ಮನಿಗೆ ಹನ್ನೊಂದು, ಒಂದು ಬಿಟ್ಟು ಹತ್ತಕ್ಕೆ ಕತ್ತರಿಸು ಎಂದು ಹೇಳಿದಳು. ಬಿಡಿಸಿದ್ದು ಯಾರು ಗೊತ್ತಾ, ನಿನ್ನ ಬಣ್ಣದಣ್ಣನ ಮಗಳು ಎಂದೂ ಸೇರಿಸಿದಳು. ಅಪ್ಪನಿಗೆ ಕುಂಚ ನೆಟ್ಟಗೆ ಹಿಡಿಯೋಕೆ ಬರಲ್ಲ, ಮಗಳು ನೋಡು ಎಂದು ತಮ್ಮ ನಕ್ಕು ಹೋದ.

ಮರುದಿನ ಆ ಅವಸರದಲ್ಲಿ ತಮ್ಮ ಕೆಳಗೆ ನಿಂತೇ ಸೊಂಟಕ್ಕೆ ಹಗ್ಗ ಕಟ್ಟಿ ಕಳಿಸಿದ, ಇನ್ನೊಂದು ತುದಿಯನ್ನು ನೆತ್ತಿಯ ಕೊಂಡಿಗೆ ಬಣ್ಣದವರೇ ಬಿಗಿದುಕೊಂಡರು. ಮಧ್ಯಾಹ್ನ ಬಣ್ಣದಣ್ಣ ಗುಮ್ಮಟದ ಮೇಲೆ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಇಳಿದ. ಹಗ್ಗ ಬಿಗಿಯಾಗಲಿಲ್ಲ. ಇನ್ನೂ ಜಾಗವಿದೆ ಎಂದುಕೊಂಡು ಇಟ್ಟ ಹೆಜ್ಜೆಯ ಕೆಳಗೆ ಏನೂ ಇರಲಿಲ್ಲ. ಅಂಚಿನ ತಗಡಿಗೆ ಸಿಕ್ಕಿ ಹಗ್ಗ ಕುಯ್ದು ಹೋಯಿತು. ಆಸ್ಪತ್ರೆಯವರಿಗೆ ಮಾಡಲು ಏನೂ ಉಳಿದಿರಲಿಲ್ಲ.

ಆಳಿಗೊಂದು ಕಲ್ಲು ಎಂಬಂತೆ ಊರಿನವರೆಲ್ಲ ಹಗ್ಗದವನ ಮೇಲೆ ಬಿದ್ದರು. ಕುಡಿದಿದ್ದ ಎಂದರು ಕೆಲವರು. ಅವನು ಕುಡಿಯುವವನೇ ಅಲ್ಲ, ಆದರೆ ಎಲುಬಿಲ್ಲದ ನಾಲಿಗೆಗೆ ಯಾರ ಹಂಗು? ಹೆಣದ ಮುಂದೆ ಕಡ್ಡಿ ಅಳಲಿಲ್ಲ. ಹಗ್ಗದವನನ್ನು ನೆಟ್ಟ ನೋಟದಿಂದ ನೋಡಿ, “ಇನ್ಮೇಲೆ ನಿಮ್ಮನ್ನ ಮಾಮ ಅನ್ನಲ್ಲ” ಎಂದಳು.

ಅಕ್ಕನೂ ಬಿಡಲಿಲ್ಲ. ಲೆಕ್ಕ ಮಾಡಿ ಬಾಯಿಗೆ ಇಟ್ಟಿದ್ದೆನಲ್ಲ, ಅಷ್ಟನ್ನೂ ಅಳೆದು ಕತ್ತರಿಸಲು ಬರಲಿಲ್ಲವೇ ಎಂದು ಬಾಯಿಗೆ ಬಂದಂತೆ ಅಂದಳು. ಅವನು ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ವಿಚಾರಣೆ ನಡೆದದ್ದು ಸಭಾಭವನದ ಎದುರಿನ ಕಚೇರಿಯ ಮೇಲಿನ ಮಹಡಿಯಲ್ಲಿ. ತಮ್ಮನಿಗೆ ಬೇರೆ ಯಾರಿದ್ದಾರೆ ಎಂದು ಲೆಕ್ಕದಕ್ಕ ಹೋಗಿ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಳು. ಎದುರು ಬೆಂಚಿನಲ್ಲಿ ಕಡ್ಡಿ ಮತ್ತವಳ ತಾಯಿ, ಕಿಟಕಿಗೆ ಬೆನ್ನು ಹಾಕಿ. ಗುತ್ತಿಗೆದಾರ, ಅಳತೆಯೆಲ್ಲ ಹಗ್ಗದವನ ಜವಾಬ್ದಾರಿ ಎಂದು ಕೈ ತೊಳೆದುಕೊಂಡ. ಇಂಜಿನಿಯರ್ ಎದ್ದು, ಹಗ್ಗ ಇರಬೇಕಾದ್ದಕ್ಕಿಂತ ಎರಡೂವರೆ ಮೀಟರ್ ಉದ್ದವಿತ್ತು ಎಂದಷ್ಟೇ ಹೇಳಿ ಕೂತ. ಅಂದರೆ ಹನ್ನೆರಡೂವರೆಗೆ ಕತ್ತರಿಸಿದ್ದಾನೆ ಎಂದು ಲೆಕ್ಕದಕ್ಕ ಮನಸ್ಸಿನಲ್ಲೇ ಕೂಡಿಸಿ, ಹಲ್ಲು ಕಚ್ಚಿದಳು.

ಆಗ ಅವಳ ಕಣ್ಣು ಹುಡುಗಿಯ ತಲೆಯ ಮೇಲಿಂದ ಕಿಟಕಿಯಾಚೆಗೆ ಹೋಯಿತು.

ಗುಮ್ಮಟವನ್ನು ಅವಳು ಪಕ್ಕದಿಂದ ನೋಡಿದ್ದು ಅದೇ ಮೊದಲು. ತಟ್ಟೆಯನ್ನು ಬೋರಲು ಹಾಕಿದಂತಿತ್ತು. ಅದು ಅರ್ಧಗೋಳವೇ ಅಲ್ಲ. ದೊಡ್ಡದೊಂದು ಗೋಳದ ತಲೆಯನ್ನಷ್ಟೇ ಚಪ್ಪಟೆಯಾಗಿ ಕೊಯ್ದು ತಂದು ಗೋಡೆಯ ಮೇಲೆ ಕೂರಿಸಿದ್ದರು. ಬೇಡ ಬೇಡವೆಂದರೂ ತಲೆ ಲೆಕ್ಕ ಹಾಕಿತು. ಅಗಲ ಹದಿನಾಲ್ಕು, ಎತ್ತರ ನಾಲ್ಕಿದ್ದರೆ ಹೆಚ್ಚು. ನೆತ್ತಿಯಿಂದ ಅಂಚಿಗೆ ಹನ್ನೊಂದಲ್ಲ, ಎಂಟೂವರೆ. ಒಂದು ಬಿಟ್ಟರೆ ಏಳೂವರೆ. ಏಳೂವರೆಗೆ ಎರಡೂವರೆ ಸೇರಿದರೆ ಹತ್ತು. ತಮ್ಮ ಕೂದಲೆಳೆಯಷ್ಟೂ ತಪ್ಪದೆ, ಅವಳು ಹೇಳಿದ ಹತ್ತಕ್ಕೇ ಕತ್ತರಿಸಿದ್ದ.

ಹಗ್ಗವನ್ನು ಯಾವ ಲೆಕ್ಕದ ಮೇಲೆ ಕತ್ತರಿಸಿದೆ ಎಂದು ವಿಚಾರಣೆಯ ಅಧಿಕಾರಿ ತಮ್ಮನನ್ನು ಕೇಳುತ್ತಿದ್ದರು. ಲೆಕ್ಕದಕ್ಕ ಬೆಂಚಿನಿಂದ ಎದ್ದಳು. ತಮ್ಮ ಅವಳತ್ತ ನೋಡಲಿಲ್ಲ. ಕಡ್ಡಿಯನ್ನು ಒಮ್ಮೆ ನೋಡಿದ.

“ಲೆಕ್ಕ ಏನಿಲ್ಲ ಸಾರ್. ಅಂದಾಜು.”

ಕೂತ್ಕೊಳ್ಳಿ ಅಮ್ಮಾ ಎಂದು ಯಾರೋ ಹೇಳಿದರು. ಅವಳು ಕೂತಳು.

ಹೊರಗೆ ಮೆಟ್ಟಿಲ ತಿರುವಿನಲ್ಲಿ ಅವನ ತೋಳು ಹಿಡಿದು ನಿಲ್ಲಿಸಿ, ಈಗಲೇ ವಾಪಸ್ ಹೋಗಿ ಲೆಕ್ಕ ನನ್ನದು ಅಂತ ಹೇಳುತ್ತೇನೆ ಎಂದಳು. ಅವನು ಸುತ್ತ ನೋಡಿ ದನಿ ತಗ್ಗಿಸಿದ.

“ಎಷ್ಟು ಅಂತ ಹೇಳಿದ್ರಿ ಅಂತ ಕೇಳ್ತಾರೆ. ಹನ್ನೊಂದು, ಒಂದು ಬಿಟ್ಟು ಹತ್ತು ಅಂತೀಯ. ಆ ಮಗು ಅಲ್ಲೇ ಕೂತಿದೆ ಅಕ್ಕಾ. ಹನ್ನೊಂದು ಅಂದೋರು ಯಾರು ಅನ್ನೋದು ಅದಕ್ಕೆ ನೆನಪಿರಲ್ವಾ?”

ಅವಳು ಅವನ ತೋಳು ಬಿಟ್ಟಳು. ನಿನಗೆ ಯಾವಾಗ ಗೊತ್ತಾಯಿತು ಎಂದು ಆಮೇಲೆ ಕೇಳಿದಳು. ಅವತ್ತೇ, ಉಳಿದ ಹಗ್ಗ ಬಿಚ್ಚಿಕೊಂಡು ಬರಲು ಮೇಲೆ ಹತ್ತಿದಾಗ ಎಂದ.

“ನಾನು ಅಷ್ಟೆಲ್ಲ ಬೈದೆನಲ್ಲೋ.”

“ಬೈದೆ. ಹತ್ತಿ ನೋಡದೆ ಕಟ್ಟಿದ್ದು ನಾನೇ ತಾನೇ, ಬಿಡು.”

ಇಬ್ಬರದೂ ತಪ್ಪು, ಮೇಲೆ ಹತ್ತದವನದೂ, ಪುಸ್ತಕದಾಚೆ ನೋಡದವಳದೂ. ಹೊಟ್ಟೆಗೆ ಹಾಕಿಕೊಂಡವನು ಒಬ್ಬನೇ. ಮಾತಾಡಿದರೆ ತಮ್ಮ ಉಳಿಯುತ್ತಾನೆ, ಹುಡುಗಿ ಉಳಿಯುವುದಿಲ್ಲ. ಟ್ಯೂಷನ್ ಮುಚ್ಚಿದರೆ ಮುಚ್ಚಲಿ ಎನ್ನುವಷ್ಟು ಎದೆ ಅವಳಿಗಿತ್ತು. ಆದರೆ ಅಪ್ಪನನ್ನು ಕೊಂದ ಉತ್ತರ ನಿನ್ನದು ಎಂದು ಒಂದು ಮಗುವಿಗೆ ಹೇಳುವ ಎದೆ ಯಾರಿಗಿರುತ್ತದೆ? ಅವಳು ಬಾಯಿಗೆ ಬೀಗ ಹಾಕಿಕೊಂಡಳು.

ಮುಂದೆ ನ್ಯಾಯಾಲಯದಲ್ಲೂ ಅವನು ಅದೇ ಮಾತು ಹೇಳಿದ. ಅಂದಾಜಿಗೆ ಹಗ್ಗ ಕತ್ತರಿಸಿ ಒಬ್ಬನ ಪ್ರಾಣ ಕಳೆದವನೆಂದು ಎರಡು ವರ್ಷ ಜೈಲಾಯಿತು. ಕರೆದೊಯ್ಯುವಾಗ ಅವನು ಅಕ್ಕನಿಗೆ, ಮಾಡಿನ ಮೇಲೆ ಒಣಗಲು ಹಾಕಿದ ಹಗ್ಗಗಳನ್ನು ಮಳೆಗೆ ಬಿಡಬೇಡ ಎಂದಷ್ಟೇ ಹೇಳಿದ.

ಕಡ್ಡಿ ಟ್ಯೂಷನ್ನಿಗೆ ಮರಳಿ ಬಂದದ್ದು ತೀರ್ಪು ಬಂದ ವಾರವೇ. ಆ ದಿನ ವೆಕ್ಟರ್ ಪಾಠ. ಪರೀಕ್ಷೆಗೆ ಅದು ಇರದಿದ್ದರೂ, ಮುಂದಕ್ಕೆ ಬೇಕಾಗುತ್ತದೆಂದು ಲೆಕ್ಕದಕ್ಕ ಪ್ರತಿ ವರ್ಷ ಹೇಳಿಕೊಡುತ್ತಿದ್ದಳು. ಮೂರು ಬಿಂದುಗಳು ಒಂದೇ ಗೆರೆಯ ಮೇಲಿವೆ ಎನ್ನಲು ಎರಡು ವೆಕ್ಟರುಗಳು ಸಮಾಂತರವಾಗಿದ್ದರೆ ಸಾಲದು, ಎರಡಕ್ಕೂ ಸೇರಿದ ಒಂದು ಬಿಂದು ಇರಬೇಕು ಎಂದು ಬರೆದಳು. ದಿಕ್ಕು ತಿರುಗುಮುರುಗಾದರೂ ಗೆರೆ ಅದೇ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗೆ ಎಂದು ತನ್ನ ಹಳೆಯ ಹಾಸ್ಯವನ್ನೂ ಮಾಡಿದಳು. ಮಕ್ಕಳು ನಕ್ಕರು. ಬಿಡಿಸುವ ಮೊದಲು ಆಕಾರ ಯಾವುದೆಂದು ಕಣ್ಣಾರೆ ನೋಡಿ ಎಂದು ಹೇಳಬೇಕೆಂದು ಅವಳ ನಾಲಿಗೆ ತುದಿಗೆ ಬಂದಿತ್ತು. ಕಡ್ಡಿ ಮುಂದಿನ ಸಾಲಿನಲ್ಲಿದ್ದಳು, ಲೆಕ್ಕದಕ್ಕ ಮಾತು ನುಂಗಿಕೊಂಡಳು.

ಎಲ್ಲರೂ ಹೋದ ಮೇಲೆ ಹುಡುಗಿ ಹಿಂದೆ ಉಳಿದಳು. ಮಡಿಸಿದ ಒಂದು ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟಳು. ನೀಟಾಗಿ ಬರೆದ ಅರ್ಧಗೋಳ, ನೆತ್ತಿಯಿಂದ ಅಂಚಿಗೆ ಬಾಗಿದ ಗೆರೆ. ವ್ಯಾಸ, ಪರಿಧಿ, ಪರಿಧಿಯ ಕಾಲು ಭಾಗ, ಹನ್ನೊಂದು. ಒಂದು ಕಳೆದು ಹತ್ತು. ಎರಡೂವರೆ ಕೂಡಿಸಿ ಹನ್ನೆರಡೂವರೆ. ಒಂದು ಹೆಜ್ಜೆಯನ್ನೂ ಬಿಟ್ಟಿರಲಿಲ್ಲ.

“ಅವರು ಹನ್ನೆರಡೂವರೆಗೆ ಕತ್ತರಿಸಿದ್ದಾರೆ ಟೀಚರ್. ನಿಮ್ಮ ತಮ್ಮ ಒಂದು ಸಲ ನಿಮ್ಮನ್ನ ಕೇಳಿದ್ರೆ ಸಾಕಿತ್ತು. ನಾವು ಮಾಡಿದ ಲೆಕ್ಕದ ಪ್ರಕಾರ ಕಟ್ಟಿದ್ರೆ ಅಪ್ಪ ಉಳೀತಿದ್ರು, ಅಲ್ವಾ?”

ಲೆಕ್ಕದಕ್ಕ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮೊದಲಿನಿಂದ ಓದಿದಳು. ಕೆಂಪು ಪೆನ್ನು ತೆಗೆದು ಒಂದೊಂದು ಹೆಜ್ಜೆಯ ಪಕ್ಕದಲ್ಲೂ ಸರಿ ಎಂದು ಗುರುತು ಹಾಕುತ್ತ ಕೊನೆಯವರೆಗೆ ಬಂದಳು.

“ಹೌದು. ಉಳೀತಿದ್ರು.”

ಕಡ್ಡಿ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

“ಹಾಗಾದ್ರೆ ಎರಡು ವರ್ಷ ಸಾಲದು ಟೀಚರ್” ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದಳು.