ಕಿವಿಗಿಂತ ಮುಂಚೆ ಹೊರಬಿದ್ದ ಹೆಸರು

ನಾನು ಒಂದು ಕರಡು. ಕರಡು ಅಂದಕೂಡಲೇ ಮೂಗು ಮುರಿಯಬೇಡಿ. ಲೋಕದಲ್ಲಿ ರಟ್ಟು ತೊಟ್ಟು ಮೆರೆಯುವ ಮಹಾಗ್ರಂಥಗಳೆಲ್ಲ ಒಂದು ಕಾಲಕ್ಕೆ ನನ್ನ ಕುಲದವೇ. ಆದರೆ ಅವುಗಳಲ್ಲಿ ಒಂದಾದರೂ ನನ್ನಷ್ಟು ತಿರುಗಿದ್ದಿಲ್ಲ. ಏಳು ಸಮುದ್ರ ದಾಟಿ, ಜಗತ್ತಿನ ಅತಿದೊಡ್ಡ ಉಗ್ರಾಣದಲ್ಲಿ ಸೆರೆ ಕೂತು, ಜೀವಸಹಿತ ಮನೆಗೆ ಮರಳಿದವನು ನಾನು.

ಹುಟ್ಟಿದ್ದು ಬೆಟಗೇರಿಯ ಒಂದು ಬಾಡಿಗೆ ಕೋಣೆಯಲ್ಲಿ, ಹೊಲಿಗೆ ಯಂತ್ರಕ್ಕೆ ಒರಗಿಸಿಟ್ಟ ಮೊಬೈಲಿನೊಳಗೆ. ಹೆತ್ತವು ಸುಲೋಚನಾಳ ಎರಡು ಹೆಬ್ಬೆರಳುಗಳು. ಅವಳು ಓಣಿಯ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಕಲಿಸಿದ್ದನ್ನೆಲ್ಲ ಒಂದು ಬ್ಲಾಗಿನಲ್ಲಿ ಬರೆದಿಡುತ್ತಿದ್ದಳು. ಅದಕ್ಕೆ ಓದುಗರು ಕೋಟಿ ಕೋಟಿ. ಎಣಿಸಲು ಹೋಗಬೇಡಿ, ನನ್ನ ಮಾತು ನಂಬಿ.

ನನ್ನೊಳಗೆ ಇದ್ದದ್ದು ಒಂದು ಕುಂಚಿಗೆಯ ಕಥೆ. ಎಳೆಗೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಬೀಳುತ್ತದಲ್ಲ, ಆ ಟೊಪ್ಪಿಗೆ. ಸುಲೋಚನಾ ಅದನ್ನು ತಮ್ಮ ಮಹಾಂತೇಶನ ಹೆಣ್ಣು ಕೂಸಿಗೆಂದು ಹೊಲಿದಿದ್ದಳು. ಅದರ ಗೊಂಡೆಗಳನ್ನು ಕಂಡಿದ್ದರೆ ದೇವಲೋಕದ ದರ್ಜಿ ಸೂಜಿ ಬಿಸಾಕಿ ಸಂನ್ಯಾಸ ತೆಗೆದುಕೊಳ್ಳುತ್ತಿದ್ದ. ಹಣೆಯ ಮೇಲೆ ಕೆಂಪು ದಾರದಲ್ಲಿ ಕೂಸಿನ ಹೆಸರು. ಆ ಹೆಸರು ನನ್ನ ನಾಲ್ಕನೆಯ ಸಾಲಿನಲ್ಲಿತ್ತು. ಅದೇ ನನ್ನ ಜೀವ, ಅದೇ ನನ್ನ ಕಂಟಕ.

ಯಾಕೆ ಎನ್ನುತ್ತೀರಾ? ಆ ಮನೆತನದಲ್ಲಿ ಹೆಸರಿಡುವ ಹಕ್ಕು ಸೋದರತ್ತೆಯದು. ಅವಳು ಆರಿಸಿದ ಹೆಸರು ಹೆತ್ತ ತಾಯಿಗೂ ತಿಳಿಯಕೂಡದು. ತೊಟ್ಟಿಲಿಗೆ ಹಾಕುವ ದಿನ ಅತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್‍ರ್‍' ಎಂದು ಊದಿ ಹೆಸರು ಹೇಳಬೇಕು. ಕೂಸೇ ಮೊದಲು ಕೇಳಬೇಕು. ಆಮೇಲೆ ನೆರೆದ ಹೆಂಗಸರೆಲ್ಲ ಅತ್ತೆಯ ಬೆನ್ನಿಗೆ ದಬದಬ ಗುದ್ದುತ್ತಾರೆ. ಗುದ್ದು ತಿನ್ನುವುದೂ ಒಂದು ಮರ್ಯಾದೆ.

ಈ ಸಲ ಆ ಮರ್ಯಾದೆಗೆ ತಕರಾರು ಬಂದಿತ್ತು. ಸುಲೋಚನಾ ಗಂಡನನ್ನು ಬಿಟ್ಟು ಬಂದವಳು. ಮನೆಗೆ ಹಿರಿಯಳಾದ ದೊಡ್ಡವ್ವ ಗುರುಶಾಂತವ್ವ ನಡುಮನೆಯಲ್ಲೇ ಅಂದುಬಿಟ್ಟಳು:

"ಬಾಳೇ ಮಾಡದಾಕಿ ತೊಟ್ಟಿಲದಾಗ ಬಗ್ಗೂದು ಬ್ಯಾಡ. ನನ್ನ ಮಗಳು ಶಾಂತಾ ಅದಾಳ. ಆಕೀನೂ ಕೂಸಿಗೆ ಅತ್ತೀನ ಆಗಬೇಕು."

ಕೋಣೆಯಿಂದ ಬಾಣಂತಿ ಸವಿತಾಳ ದನಿ ಬಂತು. "ನಮ್ಮ ಅಕ್ಕಾರ ಇಡದಿದ್ರ ನನ್ನ ಕೂಸಿಗೆ ಹೆಸರ ಬ್ಯಾಡ ತಗೋರಿ. ಮುದುಕಿ ಆಗೂತನಕ ಕೂಸು ಅಂತನ ಕರೀತೇವಿ."

ದೊಡ್ಡವ್ವ ಸೋತಳು. ಸೋಲುವಾಗಲೂ ಒಂದು ಮೊಳೆ ಬಡಿದೇ ಸೋತಳು. "ಆತವ್ವ. ಆದ್ರ ಹೊಟ್ಟ್ಯಾಗ ಮಾತ ಇಟಗೊಳ್ಳಾಕ ಬರಬೇಕ. ಆ ಹೆಸರು ಮುಂಚೇನ ಹೊರಗ ಬಿತ್ತಂದ್ರ, ಶಾಂತಾನ ಬಗ್ಗತಾಳ, ಬ್ಯಾರೆ ಹೆಸರು ಇಡತಾಳ. ಆಗ ಅಳಬಾರದು."

ಅಂದಿನಿಂದ ಸುಲೋಚನಾ ಕುಂಚಿಗೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ತುಟಿ ಹೊಲಿದುಕೊಂಡಳು. ಕನಸಿನಲ್ಲೂ ಬಾಯಿ ಬಿಡುತ್ತಿರಲಿಲ್ಲ. ಅವಳು ಹೆಸರು ಹೇಳಿದ್ದು ನನಗೊಬ್ಬನಿಗೇ. ಹೆಸರಿಡುವ ದಿನ ಮನೆ ತುಂಬ ಮಂದಿ, ಬರೆಯಲು ಪುರುಸೊತ್ತೆಲ್ಲಿ? ಅದಕ್ಕೇ ಮುಂಚಿತವಾಗಿ ನನ್ನನ್ನು ಬರೆದು, ಆ ದಿನವೇ, ಅಂದರೆ ಕೂಸು ಹುಟ್ಟಿದ ಹದಿಮೂರನೆಯ ದಿನ, ಮಧ್ಯಾಹ್ನ ತಾನಾಗಿಯೇ ಪ್ರಕಟವಾಗುವಂತೆ ದಿನಾಂಕ ಕಟ್ಟಿ ಕೂರಿಸಿದಳು. ನಾನು ಮದುಮಗನಂತೆ ಬೀಗುತ್ತ ಕಾದೆ.

ಆಮೇಲೆ ದೊಡ್ಡವ್ವ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, "ಅಯ್ಯ, ಅವತ್ತ ಅಮಾಸಿ! ಮುಂದಿನ ಸೋಮಾರ ಮಾಡ್ರಿ" ಎಂದಳು. ಅಯ್ಯನವರಿಗೆ ಹೇಳಿ ಕಳಿಸಿದರು. ಅಡುಗೆಯವರಿಗೆ ಹೇಳಿದರು, ಬಳೆಗಾರ್ತಿಗೆ ಹೇಳಿದರು, ಬೀದಿಯ ನಾಯಿಗೂ ಸುದ್ದಿ ಮುಟ್ಟಿತು. ನನಗೊಬ್ಬನಿಗೆ ಹೇಳುವುದನ್ನು ಮರೆತರು. ಮೊಬೈಲಿಗೆ ಅಮಾವಾಸ್ಯೆ ಗೊತ್ತೇ? ಹುಣ್ಣಿಮೆ ಗೊತ್ತೇ? ಅಮಾವಾಸ್ಯೆಯ ಮಧ್ಯಾಹ್ನ ಅದು ನನ್ನನ್ನು ಎತ್ತಿ ಲೋಕಕ್ಕೆ ಒಗೆಯಿತು.

ಆಹಾ, ಏನು ಬೆಳಕು! ಭೂಮಂಡಲವೇ ನನ್ನ ಕಡೆ ಕುತ್ತಿಗೆ ಹೊರಳಿಸಿದಂತಾಯಿತು. ನಿಜ ಹೇಳಬೇಕೆಂದರೆ ಬಂದದ್ದು ಒಬ್ಬನೇ: ಹುಡುಕುಯಂತ್ರದ ಆಳು. ಇವನಿಗೆ ಹಗಲಿರುಳು ಮನೆಮನೆಯ ಬಾಗಿಲು ತಟ್ಟಿ, ಹೊಸ ಪುಟ ಕಂಡರೆ ನಕಲು ಮಾಡಿಕೊಂಡು ಒಡೆಯನ ಉಗ್ರಾಣಕ್ಕೆ ಹೊರುವುದೇ ಕೆಲಸ. ಬಂದ, ಮೇಲಿಂದ ಕೆಳಗೆ ಒಮ್ಮೆ ನೋಡಿದ, ನನ್ನ ಪಡಿಯಚ್ಚು ತೆಗೆದುಕೊಂಡ, ಹೋದ. ಬರಹ ಎಂದರೆ ಹಾಗೆ ನೋಡಿ, ಒಂದೇ ಸಲ ಎರಡು ಕಡೆ ಇರಬಲ್ಲದು. ಒಂದು ನಾನು ಬೆಟಗೇರಿಯಲ್ಲಿ, ಇನ್ನೊಂದು ನಾನು ಉಗ್ರಾಣದಲ್ಲಿ.

ಸುಲೋಚನಾ ಆಗ ತಮ್ಮನ ಮನೆಯಲ್ಲಿ ಹೂರಣ ರುಬ್ಬುತ್ತಿದ್ದಳು. ಕಿಟಕಿಯಲ್ಲಿಟ್ಟ ಮೊಬೈಲು ಗುಂಯ್‌ಗುಟ್ಟಿತು: 'ನಿಮ್ಮ ಬರಹ ಪ್ರಕಟವಾಗಿದೆ.' ಅವಳು ಹೂರಣದ ಕೈಯಲ್ಲೇ ಮೊಬೈಲು ಹಿಡಿದು, ನನ್ನ ಸಾಲುಗಳನ್ನೆಲ್ಲ ಕಿತ್ತು, ಕರಡಿನ ಪೆಟ್ಟಿಗೆಯೊಳಗೆ ತುರುಕಿದಳು. ಪುಟ ಖಾಲಿಯಾಯಿತು. "ಯಾರೂ ನೋಡಿಲ್ಲ, ಶಿವನ ಪುಣ್ಯ" ಎಂದು ಗೋಡೆಗೆ ಒರಗಿದಳು. ಪುಟ ಖಾಲಿ ಮಾಡಿದರೆ ಸಾಕೆಂದುಕೊಂಡಿದ್ದಳು ಪಾಪ. ಉಗ್ರಾಣದ ಸುದ್ದಿ ಅವಳಿಗೇನು ಗೊತ್ತು?

ಗೊತ್ತಾದದ್ದು ಸಂಜೆ. ದೊಡ್ಡವ್ವನಿಗೂ ಒಂದು ಮೊಬೈಲಿತ್ತು. ಅಕ್ಷರ ಒತ್ತುವ ಗೋಜಿಲ್ಲ, ಬಾಯಿಂದಲೇ ಆಜ್ಞೆ. ತಾನೂ ಕೂಸಿಗೊಂದು ಕುಂಚಿಗೆ ಮಾಡಿಸಬೇಕೆಂದು ಅದನ್ನು ತುಟಿಯ ಹತ್ತಿರ ಹಿಡಿದು, "ಕುಂಚಗಿ ಹೊಲಿಯೂದು ತೋರಸಪಾ" ಎಂದಳು. ಯಾವ ಬರಹ ಎಲ್ಲಕ್ಕಿಂತ ಮೇಲೆ ಬಂತು? ನಾನೇ! ಸಾವಿರ ಕುಂಚಿಗೆಗಳ ತಲೆಯ ಮೇಲೆ! ದೊಡ್ಡವ್ವ ಬೆರಳಿಟ್ಟು ಓದತೊಡಗಿದಳು:

"ನನ್ನ ತಮ್ಮನ ಮಗಳಿಗೆ ಹೊಲಿದ ಕುಂಚಿಗೆ... ಹಣೆಯ ಮೇಲೆ ಕೆಂಪು ದಾರದಲ್ಲಿ ಬರೆದ ಹೆಸರು..."

ಅಲ್ಲಿಗೆ ಮೂರು ಚುಕ್ಕಿ. ಆ ಚುಕ್ಕಿಗಳ ಹಿಂದೆಯೇ ಹೆಸರು ಉಸಿರು ಬಿಗಿಹಿಡಿದು ನಿಂತಿತ್ತು.

"ಸುಲೋಚೀ, ಇದು ನಿಂದ ಅಲ್ಲೇನ? ಹೆಸರು ಅಂದು ಮೊಬೈಲ್ ಬಾಯಿ ಮುಚ್ಚೈತಲ್ಲ, ಮುಂದೇನೈತಿ?"

ಬೆರಳು ಒತ್ತಿದಳು. ಖಾಲಿ ಪುಟ ತೆರೆಯಿತು.

"ಏನೂ ಇಲ್ಲ ದೊಡ್ಡವ್ವ. ಅರ್ಧಾ ಬರದು ಬಿಟ್ಟೀನಿ."

"ಒಳಗ ಏನೂ ಇಲ್ಲದ್ದಕ್ಕ ಹೊರಗ ಬೋರ್ಡ್ ಯಾಕ? ಇರಲಿ. ನಾಳೆ ಮಧ್ಯಾಹ್ನ ಶಾಂತಾ ಬರತಾಳ. ಅಳಿಸಿದ್ದರ ಹಳೇ ನಕಲೂ ತಗದು ತೋರಸತಾಳ ಆಕಿ. ನಮ್ಮ ಅಳಿಯಾನ ಗುಟ್ಟೆಲ್ಲ ಹಂಗ ಹಿಡದಾಳ."

ಸುಲೋಚನಾ ಚಪ್ಪಲಿ ಮೆಟ್ಟಿದ್ದು ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಸವಿತಾಳದು. ಹಾಗೇ ಓಡಿದಳು ಜಬೀನಾಳ ಆನ್‌ಲೈನ್ ಅಂಗಡಿಗೆ. ಊರಿನವರ ಅರ್ಜಿ, ಆಧಾರ್, ಪರೀಕ್ಷೆಯ ಫಲಿತಾಂಶ ಎಲ್ಲ ಆ ಜಬೀನಾಳ ಕೈಯಲ್ಲೇ ಹಾಯಬೇಕು. ಒಂದು ಕಾಲಕ್ಕೆ ಸುಲೋಚನಾಳ ಹತ್ತಿರ ಹೊಲಿಗೆ ಕಲಿತವಳು, ಹೊಲಿದ ತೋಳುಗಳೆಲ್ಲ ತಲೆಕೆಳಗು.

ವಿಷಯ ಕೇಳಿ ಅವಳು ಕಿಸಕ್ಕೆಂದಳು. "ಅಕ್ಕಾ, ನೀವು ಮನೀ ಖಾಲಿ ಮಾಡೀರಿ, ಫೋಟೋ ಇನ್ನೂ ಸ್ಟುಡಿಯೋದಾಗ ತೂಗ್ಯಾಡಾಕತ್ತೈತಿ. ಅದನ್ನ ಇಳಸ್ರಿ ಅಂತ ಅವರಿಗೇ ಹೇಳಬೇಕ್ರಿ. ಅದಕ್ಕೊಂದು ಜಾಗಾ ಐತಿ."

ಜಾಗ ತೆರೆದಳು. ಪುಟದ ವಿಳಾಸ ಹಾಕಿದಳು. ಆಮೇಲೆ ಯಂತ್ರ ಕೇಳಿತು: ಹಳೆಯ ಪುಟದಲ್ಲಿ ಇದ್ದು, ಈಗಿನ ಪುಟದಲ್ಲಿ ಇಲ್ಲದ ಒಂದು ಶಬ್ದ ಕೊಡಿ.

"ಹೆಸರು ಹೇಳ್ರಿ, ಬಡೀತೀನಿ."

"ನಿನ್ನ ಮುಂದನೂ ಹೇಳಂಗಿಲ್ಲ."

"ಯಾ ಅಲ್ಲಾ! ಡಾಕ್ಟರ ಹತ್ತರ ಬಂದು ಹೊಟ್ಟಿ ತೋರಸಂಗಿಲ್ಲ ಅಂದಂಗಾತು."

"ಕೂಸಿನ ಕಿವಿಗೆ ಮೊದಲು, ಜಬೀನಾ. ಅದೊಂದಕ್ಕನ ಇಷ್ಟೆಲ್ಲಾ ಒದ್ದಾಡಾಕತ್ತೀನಿ." ಸುಲೋಚನಾ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ನನ್ನ ಸಾಲುಗಳನ್ನು ಓದಿಕೊಂಡಳು. "ಗೊಂಡೆ. ಗೊಂಡೆ ಅಂತ ಹಾಕು."

ಕೇಳಿದಿರಾ? ನನ್ನಂಥ ಮಹಾಬರಹವನ್ನು ಜಗತ್ತಿನಿಂದ ಇಳಿಸಲು ಒಂದು ಗೊಂಡೆ ಸಾಕಾಯಿತು.

"ಎಷ್ಟೊತ್ತು ಹಿಡೀತೈತಿ?"

"ಅವರ ಮನಸ್ಸು ಬಂದಾಗರಿ. ಒಂದು ದಿನಾನೂ ಆಗಬಹುದು, ಎರಡೂ ಆಗಬಹುದು."

ಆ ರಾತ್ರಿ ಸುಲೋಚನಾ ಮಲಗಲಿಲ್ಲ. ನಾನು ಉಗ್ರಾಣದಲ್ಲಿ ಬೆಟ್ಟದಂಥ ಕಪಾಟುಗಳ ನಡುವೆ ಕೂತಿದ್ದೆ. ಎಡಕ್ಕೆ ಯಾರದೋ ಮೈಸೂರುಪಾಕು, ಬಲಕ್ಕೆ ಯಾರದೋ ಮೂಲವ್ಯಾಧಿಯ ಮದ್ದು. ಮೊದಲ ಬಾರಿಗೆ ನನಗೆ ಬೀಗುವ ಆಸೆ ಆಗಲಿಲ್ಲ. ಯಾರಾದರೂ ಓದಿಬಿಟ್ಟರೆ ಎಂದು ಹೆಸರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

ಮರುದಿನ ಮಧ್ಯಾಹ್ನ ಶಾಂತಾ ಬಂದಳು. ಚೀಲ ಇಳಿಸುವ ಮೊದಲೇ ದೊಡ್ಡವ್ವ ಮೊಬೈಲು ಕೈಗೆ ಕೊಟ್ಟಳು. ಶಾಂತಾ ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ಕೂತಳು. ಸುಲೋಚನಾ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಅದೇ ಹೊತ್ತಿಗೆ ಉಗ್ರಾಣದಲ್ಲಿ ನನ್ನ ಕಪಾಟಿನ ಬಾಗಿಲು ಕಿರ್ ಎಂದಿತು. ಒಂದು ಕೈ ಬಂತು, ನನ್ನ ಜುಟ್ಟು ಹಿಡಿಯಿತು. ಇತ್ತ ಶಾಂತಾ ಕುಂಚಿಗೆ ಎಂದು ಒತ್ತಿದಳು. ಅತ್ತ ನಾನು ನೀರಿಗೆ ಬಿದ್ದ ಉಪ್ಪಿನಂತೆ ಕರಗಿ, ಬೆಟಗೇರಿಯ ಕರಡಿನ ಪೆಟ್ಟಿಗೆಯಲ್ಲಿ ಕಣ್ಣು ಬಿಟ್ಟೆ. ಪ್ರಳಯದಲ್ಲೂ ಇಂಥ ರಭಸ ಇರಲಿಕ್ಕಿಲ್ಲ.

ಶಾಂತಾ ಮೇಲೆ ನೋಡಿದಳು, ಕೆಳಗೆ ನೋಡಿದಳು, ಹಳೆಯ ನಕಲು ಹುಡುಕಿದಳು. "ಏನೂ ಇಲ್ಲಬೇ ಯವ್ವಾ. ಮಹಾರಾಷ್ಟ್ರದ ಟೊಪ್ಪಿಗಿ ಅಷ್ಟ ಅದಾವು."

"ನಿನ್ನೆ ನಾನ ಕಣ್ಣಾರೆ ಓದೀನಿ!"

"ಚಸ್ಮಾ ಹಾಕ್ಕೊಂಡಿದ್ದ್ಯೇನ? ಸುಮ್ನಿರಬೇ. ನನ್ನ ಬೆನ್ನು ಮೊದಲ ಹಿಡದೈತಿ. ಇಡೀ ಓಣಿ ಕೈಲೆ ಗುದ್ದಿಸಿಕೊಳ್ಳಾಕ ನನ್ನ ಕಡೆ ಆಗೂದಿಲ್ಲ. ಸುಲೋಚನಾನ ತಿನ್ನಲಿ."

ಸುಲೋಚನಾ ಚಹಾ ಕೊಟ್ಟು ಅಡುಗೆಮನೆಗೆ ಹೋಗಿ, ಅಕ್ಕಿಯ ಡಬ್ಬಿಯ ಮೇಲೆ ಕುಸಿದು ಕೂತು, ಸೆರಗು ಬಾಯಿಗೊತ್ತಿ ನಕ್ಕಳು. ಕಣ್ಣೀರು ಬರುವಷ್ಟು ನಕ್ಕಳು.

ಸೋಮವಾರ ಬಂತು. ಹೆಂಗಸರು ತೊಟ್ಟಿಲನ್ನು ಮುತ್ತಿದ್ದರು. ಸುಲೋಚನಾ ಬಗ್ಗಿದಳು. ಕುರ್‍ರ್‍... ಎಂದು ಊದಿ, ಹೆಸರು ಹೇಳಿದಳು. ಕೂಸು ಒಂದು ಸೀನು ಸೀನಿತು. ಬೆನ್ನ ಮೇಲೆ ಗುದ್ದಿನ ಸುರಿಮಳೆ. ಕೊನೆಗೆ ಗುಂಪನ್ನು ಸರಿಸಿಕೊಂಡು ಬಂದ ದೊಡ್ಡವ್ವ ಎಲ್ಲರಿಗಿಂತ ಜೋರಾಗಿ ಒಂದು ಗುದ್ದಿದಳು. ಗುದ್ದಿದ ಕೈ ಎತ್ತಲಿಲ್ಲ. ಬೆನ್ನ ಮೇಲೆಯೇ ಇಟ್ಟು, ಮೆಲ್ಲಗೆ ಸವರಿದಳು.

"ಚಲೋ ಹೆಸರ ಇಟ್ಟಿ, ಮಗಳ."

ಮಗಳು ಎಂದು ಅವಳು ಕರೆದು ಎಷ್ಟು ವರ್ಷವಾಗಿತ್ತೋ, ಸುಲೋಚನಾ ಬಗ್ಗಿದವಳು ಎಷ್ಟೋ ಹೊತ್ತು ಮೇಲೇಳಲೇ ಇಲ್ಲ.

ಆಮೇಲೆ ಒಂದು ದಿನ ಅವಳು ಕರಡಿನ ಪೆಟ್ಟಿಗೆ ತೆರೆದು ನನ್ನನ್ನು ಓದಿದಳು. 'ಕೂಸು ನಕ್ಕಿತು, ಎಲ್ಲರೂ ಹರಸಿದರು' ಎಂದು ನಾನು ಮುಂಚೆಯೇ ಬರೆದುಕೊಂಡು ಕೂತಿದ್ದೆ. ಸೀನು ನನ್ನಲ್ಲಿರಲಿಲ್ಲ, ಬೆನ್ನು ಸವರಿದ ಕೈಯೂ ಇರಲಿಲ್ಲ. ಅವಳು ನಕ್ಕು, ಹೊಸದೊಂದನ್ನು ಬರೆದು ಪ್ರಕಟಿಸಿದಳು. ನನ್ನನ್ನು ಅಳಿಸಲಿಲ್ಲ, ಅಷ್ಟು ಪುಣ್ಯ.

ಈಗ ನನಗೆ ವಯಸ್ಸಾಗಿದೆ. ಪೆಟ್ಟಿಗೆಯ ತಳದಲ್ಲಿ, ಅರ್ಧಕ್ಕೆ ನಿಂತ ಬ್ಲೌಸಿನ ಅಳತೆಗಳ ನಡುವೆ ನೆಮ್ಮದಿಯಾಗಿ ಮಲಗಿದ್ದೇನೆ. ಲಕ್ಷ ಜನ ಓದಿದರು ಎಂದು ಜಂಭ ಕೊಚ್ಚುವ ಬರಹಗಳು ಬೇಕಾದಷ್ಟಿವೆ. ಹೆಸರಿನ ತನಕ ಒಬ್ಬರೂ ಓದಲಿಲ್ಲ ಎಂದು ಎದೆ ಉಬ್ಬಿಸಬಲ್ಲವನು ಮೂರು ಲೋಕದಲ್ಲಿ ನಾನೊಬ್ಬನೇ. ಹೆಸರೇನು ಎಂದು ನನ್ನನ್ನು ಕೇಳಬೇಡಿ. ಬೆಟಗೇರಿಯ ಆ ಓಣಿಗೆ ಹೋಗಿ. ಅದು ಮೊಣಕಾಲು ಕೆತ್ತಿಸಿಕೊಂಡು, ಕೈಯಲ್ಲಿ ಅರ್ಧ ತಿಂದ ಪೇರಲ ಹಿಡಿದು ಓಡಾಡುತ್ತಿದೆ. ಕರೆದರೆ ತಿರುಗಿ ನೋಡುತ್ತದೆ.