ಇನಾ ಬಾರೆಕ್ ಒಪ್ಪಿಕೊಂಡ ತಪ್ಪು

ಕಾನಿಸ್ ಸತ್ತಿದ್ದು ಹಗ್ಗದಿಂದ. ದೋಣಿಯ ಮೂತಿಯಲ್ಲಿ ನಿಂತು ದೊಡ್ಡ ತೊರಕೆ ಮೀನಿಗೆ ಹಗ್ಗ ಕಟ್ಟಿದ ಈಟಿ ಎಸೆದಿದ್ದ. ಮೀನು ಆಳಕ್ಕೆ ಧುಮುಕಿತು, ಹಗ್ಗದ ಸುರುಳಿ ಅವನ ಕಾಲಿಗೆ ಬಿಗಿದು ಅವನನ್ನೂ ಎಳೆದುಕೊಂಡು ಹೋಯಿತು. ಹುಟ್ಟು ಹಾಕುತ್ತಿದ್ದವರಲ್ಲಿ ನನ್ನ ಗಂಡನೂ ಇದ್ದ. ಅವನು ಕತ್ತಿಗೆ ತಡಕಾಡುವಷ್ಟರಲ್ಲಿ ಹಗ್ಗ ಸಡಿಲಾಗಿತ್ತು. ಶವ ಸಿಗಲಿಲ್ಲ. ಕಡಲು ಹಿಂದಿರುಗಿಸದವರಿಗೆ ಮಾಡುವಂತೆ, ಒಂದು ಚಿಪ್ಪನ್ನು ಬಟ್ಟೆಯಲ್ಲಿ ಸುತ್ತಿ ಗುಂಡಿಯಲ್ಲಿಟ್ಟು ಮಣ್ಣು ಹಾಕಿದೆವು.

ಲೆಂಬಾತಾ ದ್ವೀಪದ ನಮ್ಮ ಈ ದಡದಲ್ಲಿ ಈಟಿ ಹಿಡಿಯುವವನ ಮನಸ್ಸು ಚೊಕ್ಕವಾಗಿರಬೇಕು, ಅವನ ಮನೆಯವರದೂ ಕೂಡ. ಬೇಟೆಯ ಕಾಲ ಶುರುವಾಗುವ ಮುಂಚೆ ಮನೆಮನೆಗೆ ಹೋಗಿ ಕ್ಷಮೆ ಕೇಳುತ್ತೇವೆ, ಪಾಪನಿವೇದನೆ ಮಾಡುತ್ತೇವೆ. ಪಾದ್ರಿಗಳು ಮರಳಿನ ಮೇಲೆಯೇ ಪೂಜೆ ಅರ್ಪಿಸಿ ದೋಣಿಗಳಿಗೆ ತೀರ್ಥ ಚಿಮುಕಿಸುತ್ತಾರೆ. ಹಾಗಾಗಿ ಒಬ್ಬ ಸತ್ತನೆಂದರೆ ಯಾರೋ ಏನೋ ಬಚ್ಚಿಟ್ಟಿದ್ದಾರೆಂದೇ ಲೆಕ್ಕ. ಅದು ಹೊರಬರುವ ತನಕ ಆ ದೋಣಿ ನೀರಿಗಿಳಿಯುವುದಿಲ್ಲ.

ಕಾನಿಸ್‌ನ ಹೆಂಡತಿ ನೇಲಾಳನ್ನು ದೋಣಿಮನೆಗೆ ಕರೆಸಿದರು. ಎಲ್ಲರೂ ಆಮಾ, ಅಂದರೆ ಅಪ್ಪ, ಎನ್ನುವ ದೋಣಿಯ ಯಜಮಾನ ಕ್ರೋವ ಮೆಲ್ಲಗೇ ಕೇಳಿದ. "ಹೇಳ್ಬಿಡು ಮಗಳೇ. ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಯಾರೂ ಬಯ್ಯಲ್ಲ."

"ಏನೂ ಇರ್ಲಿಲ್ಲ ಆಮಾ. ಜೋಳ ದಪ್ಪ ಕುಟ್ಟಿದ್ದೀಯ, ಹಲ್ಲು ಮುರೀಬೇಕು ಅಂತ ಇದ್ದೀಯಾ ಅಂತ ರೇಗಿಸ್ಕೊಂಡೇ ಹೋದ್ರು."

"ನೀನು ಅಷ್ಟು ಶುದ್ಧ ಅಂದ್ರೆ, ತಪ್ಪು ಸತ್ತವನದೇ ಅನ್ನು" ಎಂದಳು ಹುಟ್ಟು ಹಾಕುವವನೊಬ್ಬನ ಹೆಂಡತಿ ರೋಫೀನಾ. ಅವಳ ನಾಲಿಗೆ ಹರಿತ.

"ಅವರದೂ ಇಲ್ಲ."

"ಮತ್ತೆ ಮೀನಿನದಾ?"



ಪಾದ್ರಿ ಲೂಕಸ್ ಗುಡ್ಡದ ಕಡೆಯವರು, ಇನ್ನೂ ಹರೆಯ. ದೇವರು ಹಗ್ಗ ಹಿಡಿದು ಯಾರನ್ನೂ ಎಳೆಯುವುದಿಲ್ಲ ಎಂದು ಭಾನುವಾರದ ಪ್ರಸಂಗದಲ್ಲಿ ಹೇಳಿದರು. ನಾವೆಲ್ಲ ತಲೆಬಾಗಿ ಕೇಳಿದೆವು. ದೋಣಿ ಮಾತ್ರ ಅಲುಗಲಿಲ್ಲ. ಪೂಜೆಯಾದ ಮೇಲೆ ಅವರು ನೇಲಾಳನ್ನು, ನಿನ್ನ ಮನಸ್ಸಾಕ್ಷಿ ಏನು ಹೇಳುತ್ತೆ ಎಂದು ಕೇಳಿದರು.

"ಚೊಕ್ಕವಾಗಿದೆ ಸ್ವಾಮಿ. ಅದೇ ಕಷ್ಟ ಆಗಿರೋದು."

ಮೀನು ಒಣಗಿಸುವ ಬಿದಿರುಗಳು ಬರಿದಾದವು. ಮೀನಿಲ್ಲದೆ ಗುಡ್ಡದವರ ಸಂತೆಯಲ್ಲಿ ಜೋಳ ಸಿಗುವುದಿಲ್ಲ. ಆ ದೋಣಿಯನ್ನೇ ನಂಬಿದ್ದ ಮನೆಗಳ ಹೆಂಗಸರು ನೇಲಾಳ ಮನೆಯ ಮುಂದೆ ಮುಖ ತಿರುಗಿಸಿ ನಡೆದರು. ಅವಳ ಇಬ್ಬರು ಹೆಣ್ಣುಮಕ್ಕಳನ್ನು ಯಾರೂ ಆಟಕ್ಕೆ ಸೇರಿಸಲಿಲ್ಲ.

ಒಂದು ಸಂಜೆ ಅವಳು ಅತ್ತೆಯ ಎದುರು ಕುಸಿದು ಕೂತಳು. ಕಾನಿಸ್‌ನ ತಾಯಿಯನ್ನು ಊರೆಲ್ಲ ಇನಾ ಬಾರೆಕ್ ಎಂದೇ ಕರೆಯುತ್ತಿತ್ತು, ಬಾರೆಕಮ್ಮ ಎಂದ ಹಾಗೆ. ಮಾತು ಕಡಿಮೆ, ಬೆಳಗಿನ ಪೂಜೆ ಎಂದೂ ತಪ್ಪಿಸಿದವಳಲ್ಲ.

"ನಾಳೆ ಹೋಗಿ ಏನೋ ಒಂದು ಒಪ್ಕೊಂಡು ಬಿಡ್ತೀನಿ ಅತ್ತೆ. ಜಗಳ ಆಡಿದ್ದೆ ಅಂತೀನಿ."

"ಆಡಿದ್ಯಾ?"

"ಇಲ್ಲ."

"ಹಾಗಾದ್ರೆ ಸುಮ್ನಿರು. ಅಪ್ಪನ್ನ ಕೊಂದವಳ ಮಕ್ಕಳು ಅನ್ನಿಸ್ಕೊಂಡು ಅವು ಬದುಕ್ಬೇಕಾ? ಈಗ ಮಲಗು."

ಬೆಳಿಗ್ಗೆ ನೇಲಾ ನೀರಿಗೆ ಹೋದಾಗ ಮುದುಕಿ ಒಬ್ಬಳೇ ದೋಣಿಮನೆಗೆ ಬಂದಳು. ನಾನು ಅಲ್ಲೇ ಬಲೆ ಬಿಡಿಸುತ್ತಿದ್ದೆ. ಅವಳು ದೋಣಿಯ ಮೂತಿಯ ಮೇಲೆ ಕೈಯಿಟ್ಟು, ಯಾರ ಮುಖವನ್ನೂ ನೋಡದೆ ಹೇಳಿದಳು.

"ತಪ್ಪು ನಂದು. ನನ್ನ ಪಾಲಿನ ಮೀನು ಹೆಂಡ್ತಿ ಕಡೆಯವರಿಗೆ ಕೊಟ್ಟ ಅಂತ ಸಿಟ್ಟಿತ್ತು. ಕಡಲು ನಿನ್ನ ನುಂಗ್ಲಿ ಅಂದೆ. ನುಂಗ್ತು."

ಆಮಾ ಕ್ರೋವ ಮುಖ ಮುಚ್ಚಿಕೊಂಡು ಅತ್ತ. ಮೂತಿಗೆ ತೀರ್ಥ ಹಾಕಿದರು. ಮರುದಿನ ದೋಣಿ ಹೋಯಿತು, ಮೀನೂ ಬಂತು. ನೇಲಾಳ ಪಾಲು ಮನೆಗೇ ಬಂತು, ಅವಳ ಮಕ್ಕಳನ್ನು ಆಟಕ್ಕೂ ಕರೆದರು. ಮುದುಕಿಯನ್ನು ಯಾರೂ ಬಯ್ಯಲಿಲ್ಲ. ಆದರೆ ಮಗನಿಗೆ ಶಾಪ ಹಾಕಿದವಳ ಕೈಯ ಜೋಳವನ್ನೂ ಯಾರೂ ಮುಟ್ಟಲಿಲ್ಲ.

ಆ ಭಾನುವಾರ ಪೂಜೆಯಲ್ಲಿ ಇನಾ ಬಾರೆಕ್ ಪರಮಪ್ರಸಾದ ಸ್ವೀಕರಿಸಲು ಏಳಲಿಲ್ಲ. ಮುಂದಿನ ವಾರವೂ ಅಷ್ಟೇ. ಪಾದ್ರಿ ಮನೆಗೆ ಬಂದರು. ಒಳಗಿನಿಂದ ಕೇಳಿಸಿಕೊಂಡ ಅಂದಿನ ಮಾತನ್ನು ನೇಲಾ ಬಹಳ ಕಾಲದ ಮೇಲೆ ನನಗೆ ಹೇಳಿದಳು.

"ನಾನು ಹೇಳಿದ್ದು ಸುಳ್ಳು ಸ್ವಾಮಿ. ನನ್ನ ಬಾಯಿಂದ ಅಂಥ ಮಾತು ಬಂದೇ ಇಲ್ಲ" ಎಂದಳಂತೆ ಮುದುಕಿ.

"ಅದನ್ನೇ ನಿವೇದನೆ ಮಾಡಮ್ಮ. ದೇವರು ಕ್ಷಮಿಸ್ತಾನೆ."

"ಪಶ್ಚಾತ್ತಾಪ ಇರ್ಬೇಕಲ್ವಾ? ಅದು ಬರ್ತಿಲ್ಲ. ನಾಳೆ ಮತ್ತೆ ಹೇಳು ಅಂದ್ರೆ ಮತ್ತೆ ಹೇಳ್ತೀನಿ. ಅದನ್ನ ಇಟ್ಕೊಂಡು ಪ್ರಸಾದಕ್ಕೆ ಹೇಗೆ ಬಾಯಿ ತೆರೀಲಿ?"

"ದೇವರಿಗೆ ನಿನ್ನ ಮನಸ್ಸು ಅರ್ಥ ಆಗುತ್ತೆ."

"ಅವನಿಗೆ ಆಗುತ್ತೆ ಸ್ವಾಮಿ. ನನ್ನ ಮಗನಿಗೆ? ಅಮ್ಮ ನನಗೆ ಶಾಪ ಹಾಕಿದ್ಳು ಅಂತ ಅಲ್ಲಿ ಅವನು ಅಂದ್ಕೊಂಡಿದ್ರೆ?"



ನೇಲಾ ನಿಜ ಹೇಳಿಬಿಡುತ್ತೇನೆಂದು ಎಷ್ಟೋ ಸಲ ಹೊರಟಳು. ಮಕ್ಕಳ ಮೇಲೆ ಆಣೆ ಹಾಕಿ ಮುದುಕಿ ತಡೆದಳು. ಅಲ್ಲಿಗೆ ನೇಲಾಳ ಮನಸ್ಸಿನ ನೆಮ್ಮದಿಯೂ ಹೋಯಿತು. ಅವಳೂ ಪ್ರಸಾದಕ್ಕೆ ಏಳುವುದನ್ನು ಬಿಟ್ಟಳು. ಎಲ್ಲರೂ ಎದ್ದು ಮುಂದೆ ಹೋದಾಗ ಆ ಬೆಂಚಿನಲ್ಲಿ ಇಬ್ಬರೇ ಉಳಿಯುತ್ತಿದ್ದರು. ಅತ್ತೆ ಮಾಡಿದ್ದಕ್ಕೆ ನಾಚಿ ಸೊಸೆ ಏಳುತ್ತಿಲ್ಲ ಎಂದು ನಾವು ಅಂದುಕೊಂಡಿದ್ದೆವು.

ಮಳೆಗಾಲ ಶುರುವಾಗುವ ಹೊತ್ತಿಗೆ ಮುದುಕಿ ಹಾಸಿಗೆ ಹಿಡಿದಳು. ಪಾದ್ರಿ ಕೊನೆಗಾಲದಲ್ಲಿ ಹಚ್ಚುವ ಎಣ್ಣೆ, ಪ್ರಸಾದ ತಂದು ಪಕ್ಕದಲ್ಲಿ ಕೂತು, ಮಾಡಿದ್ದರಲ್ಲಿ ಯಾವುದಕ್ಕಾದರೂ ಮನಸ್ಸಿಗೆ ನೋವಿದೆಯಾ ಎಂದು ಕೇಳಿದರು. "ಮಗನ್ನ ಮುಂದಿಟ್ಕೊಂಡು ಸುಳ್ಳು ಹೇಳ್ಬೇಕಾಯ್ತಲ್ಲ, ಅದಕ್ಕಿದೆ" ಎಂದಳಂತೆ. ಅಷ್ಟು ಸಾಕು ಎಂದು ಅವರು ಪ್ರಸಾದ ನಾಲಿಗೆಯ ಮೇಲಿಟ್ಟರು. ನುಂಗುವ ಶಕ್ತಿ ಇರಲಿಲ್ಲ. ನೇಲಾ ಚಮಚದಲ್ಲಿ ನೀರು ಬಿಟ್ಟಳು.

ಮಣ್ಣಿಗೆ ಬಂದವರು ಕೆಲವರೇ. ಪಾದ್ರಿಯ ಪ್ರಾರ್ಥನೆ ಮುಗಿದ ಮೇಲೆ ನೇಲಾ ಗುಂಡಿಯ ಪಕ್ಕ ನಿಂತು, "ನಮ್ಮತ್ತೆ ಶಾಪ ಹಾಕಿರ್ಲಿಲ್ಲ. ನನ್ನ ಉಳಿಸೋಕೆ ಹೇಳಿದ್ದು. ನನಗೆ ಗೊತ್ತಿತ್ತು, ಸುಮ್ನಿದ್ದೆ" ಎಂದಳು. 

ಕೊನೆಗೆ ಆಮಾ ಕ್ರೋವ ಹತ್ತಿರ ಬಂದ. "ನಮಗೂ ಗೊತ್ತಿತ್ತು ಅನ್ಸುತ್ತೆ ಮಗಳೇ. ದೋಣಿ ಹೋಗ್ಬೇಕಿತ್ತು."

ನೇಲಾ ಅವನನ್ನು ನೋಡಲಿಲ್ಲ. ಬಗ್ಗಿ ಒಂದು ಹಿಡಿ ಮಣ್ಣು ಹಾಕಿ, ಮಕ್ಕಳ ಕೈ ಹಿಡಿದು ಇಳಿಜಾರಿನ ದಾರಿಯಲ್ಲಿ ಹೊರಟಳು. ಮರುದಿನ ಗಾಳಿ ಚೆನ್ನಾಗಿತ್ತು. ಹಾಗಾದರೆ ತಪ್ಪು ಯಾರದೆಂದು ಈ ಸಲ ಯಾರೂ ಕೇಳಲಿಲ್ಲ. ನನ್ನ ಗಂಡ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದು, ಆಮೇಲೆ ಹುಟ್ಟು ಹೆಗಲಿಗೇರಿಸಿಕೊಂಡು ದಡಕ್ಕೆ ಹೋದ.